2147483647 ಅವಿಭಾಜ್ಯ ಅಂತ ಕಂಪ್ಯೂಟರ್ ಇಲ್ಲದೆ ತಿಳಿದದ್ದು ಹೇಗೆ?

ಮೈಸೂರು ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸ್. ರಜೆಯಲ್ಲಿ ಸಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ ಒಂದು ಪ್ರೋಗ್ರಾಮ್‌ನಲ್ಲಿ 2147483647ಕ್ಕೆ ಒಂದು ಕೂಡಿಸಿದಳು. ಉತ್ತರ ಮೈನಸ್ 2147483648 ಅಂತ ಬಂತು. ಅದು ಇಂಟಿಜರ್‌ನ ಮಿತಿ, 2³¹ − 1, ಅದಕ್ಕಿಂತ ಮೇಲೆ ಅದರಲ್ಲಿ ಜಾಗ ಇಲ್ಲ ಅಂತ ಹೇಳಿಕೊಡುವವರು ತಿಳಿಸಿದರಂತೆ.

ಆಮೇಲೆ ಅವಳಿಗೆ ಇದು ಅವಿಭಾಜ್ಯವಾ ಅನ್ನುವ ಹುಳ ಹೊಕ್ಕಿತು. ಇಬ್ಬರೂ ಕೂತು 3, 7, 11, 13 ಅಂತ ಭಾಗಿಸುತ್ತಾ ಹೋದೆವು. ನೂರು ದಾಟುವಷ್ಟರಲ್ಲಿ ನನಗೆ ಸಾಕಾಯಿತು. ನೆಟ್‌ನಲ್ಲಿ ನೋಡಿದರೆ ಹೌದು, ಅವಿಭಾಜ್ಯವೇ, 1772ರಲ್ಲೇ ಗಣಿತಜ್ಞ ಆಯ್ಲರ್ ತೋರಿಸಿದ್ದ ಅಂತ ಇದೆ. ಅವಳ ಪ್ರಶ್ನೆ ಎರಡು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಷ್ಟು ಭಾಗಾಕಾರ ಹೇಗೆ ಮಾಡಿದ? ಮತ್ತೆ, ಕಂಪ್ಯೂಟರಿನ ಮಿತಿಯೇ ಅವಿಭಾಜ್ಯ ಆಗಿರುವುದು ಬರೀ ಕಾಕತಾಳೀಯವಾ? ನಾನು ಬಿ.ಕಾಂ. ಓದಿದವಳು. ದಯವಿಟ್ಟು ಬಿಡಿಸಿ ಹೇಳಿ.

ಕೋಡ್ ಬರೆಯುವವ
ಮೇಡಂ, ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಇಂಟಿಜರ್‌ಗೆ 32 ಬಿಟ್ ಜಾಗ, ಬಿಟ್ ಅಂದರೆ 0 ಅಥವಾ 1 ಹಿಡಿಸುವ ಒಂದು ಮನೆ. ಅದರಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಅನ್ನುವುದಕ್ಕೆ ಹೋಗುತ್ತದೆ. ಉಳಿದ 31 ಬಿಟ್‌ನಲ್ಲೂ 1 ತುಂಬಿದರೆ 2147483647. ಅಂದರೆ ಬೈನರಿಯಲ್ಲಿ ಇದು ಸಾಲಾಗಿ ನಿಂತ 31 ಒಂದುಗಳು, ಅಷ್ಟೇ. ಯಂತ್ರ ಮಾಡಿದವರು ಅವಿಭಾಜ್ಯ ಬೇಕು ಅಂತ ಆರಿಸಿದ್ದಲ್ಲ.

ಬೇರೆ ಅಳತೆಗಳನ್ನು ನೋಡಿ. 8 ಬಿಟ್‌ಗೆ ಮಿತಿ 127, ಅವಿಭಾಜ್ಯ. 16 ಬಿಟ್‌ಗೆ 32767, ಅದು 7 × 31 × 151, ಅವಿಭಾಜ್ಯ ಅಲ್ಲ. 32 ಬಿಟ್‌ಗೆ ನಿಮ್ಮ ಸಂಖ್ಯೆ. 64 ಬಿಟ್‌ಗೆ 9223372036854775807, ಇದು 7ರಿಂದ ಭಾಗವಾಗುತ್ತದೆ. 128 ಬಿಟ್‌ಗೆ 2¹²⁷ − 1, ಮತ್ತೆ ಅವಿಭಾಜ್ಯ! ಒಂದು ಬಿಟ್ಟು ಒಂದು. ನೋಡಿದಾಗ ನನಗೂ ಆಶ್ಚರ್ಯವಾಗಿತ್ತು.

ಹುಬ್ಬಳ್ಳಿ ಹುಡುಗ
ಇದರಲ್ಲಿ ಕಷ್ಟ ಏನಿದೆ ರೀ? ಮೇಲಿನ ಘಾತ ನೋಡಿದರೆ ಸಾಕು. 7, 31, 127 ಅವಿಭಾಜ್ಯ, ಹಾಗಾಗಿ ಆ ಸಂಖ್ಯೆಗಳೂ ಅವಿಭಾಜ್ಯ. 15, 63 ಅಲ್ಲ, ಹಾಗಾಗಿ ಅವೂ ಅಲ್ಲ. ಆಯ್ಲರ್ ಭಾಗಾಕಾರ ಮಾಡುವ ಅಗತ್ಯವೇ ಇರಲಿಲ್ಲ ಅಲ್ವಾ?

ಹಳೇ ಮೇಷ್ಟ್ರು
ತಮ್ಮಾ, ನೀನು ಹೇಳಿದ್ದರಲ್ಲಿ ಅರ್ಧ ಸರಿ. ಆ ಅರ್ಧ ಏಕೆ ಸರಿ ಅಂತ ಮೊದಲು ನೋಡೋಣ.

ನಮ್ಮ ಮಾಮೂಲಿ ದಶಮಾನದಲ್ಲೇ 111111 ತಗೋ. ಆರು ಒಂದುಗಳು. ಮೂರು ಮೂರರ ಎರಡು ಗುಂಪು ಮಾಡಬಹುದು. ಅದಕ್ಕೇ ಅದು 111 × 1001. ಬೈನರಿಯಲ್ಲೂ ಹಾಗೇ. 15 ಒಂದುಗಳನ್ನು ಮೂರು ಮೂರಾಗಿ ಕತ್ತರಿಸಬಹುದು, ಆದ್ದರಿಂದ 2³ − 1, ಅಂದರೆ 7, ಅದನ್ನು ಭಾಗಿಸುತ್ತದೆ. ಐದೈದಾಗಿಯೂ ಕತ್ತರಿಸಬಹುದು, ಆದ್ದರಿಂದ 31 ಸಹ ಭಾಗಿಸುತ್ತದೆ. 63 ಒಂದುಗಳ ಕತೆಯೂ ಇದೇ. ಸಾಲು ಸಮನಾಗಿ ತುಂಡಾಗುವಂತಿದ್ದರೆ ಸಂಖ್ಯೆಯೂ ತುಂಡಾಗುತ್ತದೆ. 31 ಒಂದುಗಳನ್ನು ಹಾಗೆ ಕತ್ತರಿಸಲು ಬರುವುದಿಲ್ಲ.

ಆದರೆ ಸಾಲು ಕತ್ತರಿಸಲು ಬರುವುದಿಲ್ಲ ಅಂದ ಮಾತ್ರಕ್ಕೆ ಬೇರೆ ಯಾವ ದಾರಿಯಲ್ಲೂ ಭಾಗವಾಗುವುದಿಲ್ಲ ಅಂತಲ್ಲ. 11 ಅವಿಭಾಜ್ಯ ತಾನೆ? 2¹¹ − 1 = 2047 = 23 × 89. ಗುಣಿಸಿ ನೋಡು.

ಈ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಇಟಲಿಯ ಕಟಾಲ್ಡಿ 1588ರಲ್ಲಿ 2¹⁷ − 1 ಮತ್ತು 2¹⁹ − 1 ಅವಿಭಾಜ್ಯ ಅಂತ ಸರಿಯಾಗಿ ತೋರಿಸಿದ. ಅವನ ಹತ್ತಿರ 750ರವರೆಗಿನ ಅವಿಭಾಜ್ಯಗಳ ಪಟ್ಟಿ ಇತ್ತು. 524287ರ ವರ್ಗಮೂಲ 724ರ ಹತ್ತಿರ, ಹಾಗಾಗಿ ಪಟ್ಟಿ ಸಾಕಾಯಿತು. ಅಲ್ಲಿಗೆ ನಿಲ್ಲಲಿಲ್ಲ. 23, 29, 31, 37 ಘಾತಗಳಿಗೂ ಅವಿಭಾಜ್ಯವೇ ಬರುತ್ತದೆ ಅಂದ. 23 ಮತ್ತು 37 ತಪ್ಪು ಅಂತ 1640ರಲ್ಲಿ ಫರ್ಮಾ ತೋರಿಸಿದ. ಮೊದಲನೆಯದನ್ನು 47 ಭಾಗಿಸುತ್ತದೆ, ಎರಡನೆಯದನ್ನು 223. 29 ಕೂಡ ತಪ್ಪು ಅಂತ 1738ರಲ್ಲಿ ಆಯ್ಲರ್ ತೋರಿಸಿದ, ಅದನ್ನು 233 ಭಾಗಿಸುತ್ತದೆ. ನಾಲ್ಕರಲ್ಲಿ ಉಳಿದದ್ದು 31 ಒಂದೇ. ಅದು ನಿಜವಾ ಸುಳ್ಳಾ ಅಂತ ಹೇಳಬೇಕಾದರೆ ಲೆಕ್ಕ ಮಾಡಲೇಬೇಕಿತ್ತು.

ಹುಬ್ಬಳ್ಳಿ ಹುಡುಗ
2047 ನೋಡಿದೆ ಮೇಷ್ಟ್ರೇ. ನನ್ನದು ತಪ್ಪು, ಒಪ್ಪಿಕೊಂಡೆ. ಹಾಗಾದರೆ ಆಯ್ಲರ್ ಎಷ್ಟು ಭಾಗಾಕಾರ ಮಾಡಬೇಕಾಯಿತು? 2147483647ರ ವರ್ಗಮೂಲ 46340 ಚಿಲ್ಲರೆ. ಅಲ್ಲಿಯವರೆಗೆ ಅವಿಭಾಜ್ಯಗಳೇ ಸುಮಾರು 4800 ಇವೆ.

ಹಳೇ ಮೇಷ್ಟ್ರು
4800 ಬೇಕಿಲ್ಲ. ಇಲ್ಲೇ ಇರುವುದು ಸೊಗಸು. ಮೈಸೂರಿನ ತಾಯಿಯವರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಲಿ ಅಂತ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ನಮ್ಮ ಸಂಖ್ಯೆಯನ್ನು ಒಂದು ಅವಿಭಾಜ್ಯ ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. ಅದನ್ನು ‘ಭ’ ಅನ್ನೋಣ. ಈಗ 1ರಿಂದ ಶುರು ಮಾಡಿ. ಪ್ರತಿ ಸಲ ಎರಡರಿಂದ ಗುಣಿಸಿ, ಭ ದಿಂದ ಭಾಗಿಸಿ, ಶೇಷ ಮಾತ್ರ ಇಟ್ಟುಕೊಳ್ಳಿ. 1, 2, 4, 8 ಅಂತ ಹೋಗುತ್ತದೆ. 2³¹ − 1 ಭ ದಿಂದ ಪೂರ್ತಿ ಭಾಗವಾಗುವುದಾದರೆ 2³¹ ರ ಶೇಷ 1. ಅಂದರೆ 31ನೇ ಹೆಜ್ಜೆಗೆ ಮತ್ತೆ 1ಕ್ಕೆ ಬಂದಿರುತ್ತೀರಿ. ಇದೊಂದು ಸುತ್ತು, ಸಿಟಿ ಬಸ್ಸು ಸುತ್ತಿ ಮತ್ತೆ ಮೊದಲ ಸ್ಟಾಪಿಗೆ ಬಂದ ಹಾಗೆ. 31ಕ್ಕಿಂತ ಮೊದಲೇ ಸುತ್ತು ಮುಗಿಯಬಹುದಾ? ಮುಗಿದರೆ ಆ ಚಿಕ್ಕ ಸುತ್ತು 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಆದ್ದರಿಂದ ಸಾಧ್ಯವಿಲ್ಲ. ಸುತ್ತಿನ ಉದ್ದ ಸರಿಯಾಗಿ 31.

ಇನ್ನೊಂದು ಕಡೆ ಫರ್ಮಾನ ಚಿಕ್ಕ ಪ್ರಮೇಯ ಇದೆ. ಭ ಬೆಸ ಅವಿಭಾಜ್ಯ ಆಗಿದ್ದರೆ, ಭ − 1 ಹೆಜ್ಜೆ ಹಾಕಿದಾಗಲೂ 1ಕ್ಕೆ ಬಂದೇ ಬರುತ್ತೀರಿ. ಹಾಗಾದರೆ ಭ − 1 ರಲ್ಲಿ 31ರ ಪೂರ್ತಿ ಸುತ್ತುಗಳೇ ಇರಬೇಕು. ಜೊತೆಗೆ ಭ ಬೆಸ, ಭ − 1 ಸಮ. ಆದ್ದರಿಂದ ಭ − 1 ಅನ್ನುವುದು 62ರ ಮಗ್ಗಿಯಲ್ಲಿರಬೇಕು.

ಇಷ್ಟಕ್ಕೇ 3, 7, 11, 13 ಎಲ್ಲಾ ಹೊರಗೆ. ಅವುಗಳಿಂದ ಭಾಗಿಸಿ ನೋಡುವ ಅಗತ್ಯವೇ ಇರಲಿಲ್ಲ. ಹಳೆಯ ಉದಾಹರಣೆಗಳಲ್ಲಿ ಪರೀಕ್ಷೆ ಮಾಡಿ. ಘಾತ 11 ಆದರೆ 22ರ ಮಗ್ಗಿ ಜೊತೆಗೆ 1. 23 ಸಿಕ್ಕಿತು, 89 ಸಿಕ್ಕಿತು. ಘಾತ 23ಕ್ಕೆ 46 + 1 = 47. ಘಾತ 29ಕ್ಕೆ 58 × 4 + 1 = 233. ಘಾತ 37ಕ್ಕೆ 74 × 3 + 1 = 223. ಎಲ್ಲಾ ಕೂತಲ್ಲೇ ಬರುತ್ತವೆ.

46340ರ ಒಳಗೆ 62ರ ಮಗ್ಗಿಗೆ 1 ಕೂಡಿಸಿದ ಸಂಖ್ಯೆಗಳು 747. ಇದನ್ನೂ ಅರ್ಧ ಮಾಡಬಹುದು. ಊಟ ಮಾಡಿ ಬಂದು ಬರೆಯುತ್ತೇನೆ.

ಸಂಖ್ಯಾಪ್ರಿಯೆ
ಮೇಷ್ಟ್ರು ಬರುವಷ್ಟರಲ್ಲಿ ಆ ಅರ್ಧವನ್ನು ನಾನು ಸೇರಿಸಲೇ? ಇದು ನನಗೆ ಬಹಳ ಇಷ್ಟದ ಭಾಗ.

2³¹ ರ ಶೇಷ 1 ಆದರೆ 2³² ರ ಶೇಷ 2. ಆದರೆ 2³² ಅನ್ನುವುದು 2¹⁶ ರ ವರ್ಗ. ಅಂದರೆ ಭ ದಿಂದ ಭಾಗಿಸಿದಾಗ 2 ಶೇಷ ಕೊಡುವ ಒಂದು ವರ್ಗಸಂಖ್ಯೆ ಇದೆ. ಇಂಥದ್ದು ಎಲ್ಲಾ ಅವಿಭಾಜ್ಯಗಳಿಗೂ ಆಗುವುದಿಲ್ಲ. 3ರಿಂದ ಯಾವ ವರ್ಗಸಂಖ್ಯೆಯನ್ನು ಭಾಗಿಸಿದರೂ ಶೇಷ 2 ಬರುವುದಿಲ್ಲ, 5ಕ್ಕೂ ಅಷ್ಟೇ. 7ಕ್ಕೆ ಬರುತ್ತದೆ, 9ನ್ನು 7ರಿಂದ ಭಾಗಿಸಿದರೆ ಶೇಷ 2. ನಿಯಮ ಏನೆಂದರೆ, 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಬರುವ ಅವಿಭಾಜ್ಯಗಳಿಗೆ ಮಾತ್ರ ಇದು ಸಾಧ್ಯ. 23, 47, 89, 223, 233 ಐದನ್ನೂ 8ರಿಂದ ಭಾಗಿಸಿ ನೋಡಿ.

ಈ ಎರಡು ಜರಡಿ ಒಟ್ಟಿಗೆ ಹಿಡಿದರೆ ಭ ಎರಡೇ ರೂಪದಲ್ಲಿರಬೇಕು. ಒಂದೋ 248ರ ಮಗ್ಗಿ ಜೊತೆಗೆ 1, ಇಲ್ಲವೋ 248ರ ಮಗ್ಗಿ ಜೊತೆಗೆ 63. 46340ರ ಒಳಗೆ ಮೊದಲ ಥರದವು 186. ಎರಡನೇ ಥರದವು 63ನ್ನೂ ಸೇರಿಸಿ 187. 63 ಹೇಗೂ 7 × 9, ಅದನ್ನು ಬಿಟ್ಟರೆ ಒಟ್ಟು 372.

ಈ 372ರಲ್ಲೂ ಎಷ್ಟೋ ಸಂಖ್ಯೆಗಳು 3ರಿಂದಲೋ 5ರಿಂದಲೋ 7ರಿಂದಲೋ ಭಾಗವಾಗುವಂಥವು. ನಮಗೆ ಬೇಕಾದ್ದು ಅವಿಭಾಜ್ಯ ಭಾಜಕ ಮಾತ್ರ, ಅವನ್ನು ಬಿಟ್ಟುಬಿಡಬಹುದು. 249 ಹೋಯಿತು, ಮೂರರಿಂದ ಭಾಗವಾಗುತ್ತದೆ. ಅದರ ಮುಂದಿನದು 311, ಅವಿಭಾಜ್ಯ. ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆಯೇ 311! ಅದಾದ ಮೇಲೆ 1303ರವರೆಗೆ ಒಂದೂ ಇಲ್ಲ.

ಆಯ್ಲರ್ ಇದನ್ನು 1772ರಲ್ಲಿ ಬರ್ನೌಲಿಗೆ ಬರೆದ ಕಾಗದದಲ್ಲಿ ತಿಳಿಸಿದ. ಆಗ ಅವನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ಅಷ್ಟು ಹೊತ್ತಿಗೆ ಅವನಿಗೆ ಎರಡೂ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಈ ಕಾಗದ ನೆನಪಾದಾಗಲೆಲ್ಲಾ ನನಗೆ ಅದೇ ಮನಸ್ಸಿಗೆ ಬರುತ್ತದೆ.

ಹಳೇ ಮೇಷ್ಟ್ರು
ನಾನು ಬರೆಯಬೇಕು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಬರೆದಿದ್ದೀಯಮ್ಮ.

ಮೈಸೂರು ಅಮ್ಮ
ಎರಡು ಸಲ ಓದಿದೆವು. ಬಸ್ಸಿನ ಸುತ್ತು ನನಗೂ ಅರ್ಥವಾಯಿತು! 7ಕ್ಕೆ ಸುತ್ತು ಹಾಕಿ ನೋಡಿದಳು, 1, 2, 4, ಮತ್ತೆ 1. ಮೂರೇ ಹೆಜ್ಜೆ. 31ನೇ ಹೆಜ್ಜೆಗೆ 2ರ ಮೇಲೆ ನಿಲ್ಲುತ್ತದೆ, ಹಾಗಾಗಿ 7 ಭಾಗಿಸುವುದಿಲ್ಲ ಅಂತ ಅವಳೇ ಹೇಳಿದಳು. ಈಗ ಹೊಸ ಪ್ರಶ್ನೆ, ಕೇಳಲು ಸಂಕೋಚ ಆಗುತ್ತಿದೆ. ಮಿತಿಯಾಗಿ ಬಂದದ್ದು ಬಿಟ್ಟರೆ, ಇದು ಅವಿಭಾಜ್ಯ ಆಗಿರುವುದರಿಂದ ಏನಾದರೂ ಉಪಯೋಗ ಇದೆಯಾ?

ಹುಬ್ಬಳ್ಳಿ ಹುಡುಗ
ಬ್ಯಾಂಕ್ ವ್ಯವಹಾರದ ಗುಟ್ಟು ಕಾಪಾಡುವುದು ಇಂಥ ದೊಡ್ಡ ಅವಿಭಾಜ್ಯಗಳೇ ಅಂತ ನಮ್ಮ ಕ್ಲಾಸ್‌ನಲ್ಲಿ ಹೇಳಿದ್ದಾರೆ.

ಕೋಡ್ ಬರೆಯುವವ
ಅಲ್ಲೊಂದು ವ್ಯತ್ಯಾಸ ಇದೆ. ಸಂದೇಶಗಳನ್ನು ಗುಟ್ಟಾಗಿಡುವ ಆರ್‌ಎಸ್‌ಎ ಅನ್ನುವ ಪದ್ಧತಿಗೆ ಬೇಕಾದ್ದು ಯಾರಿಗೂ ಗೊತ್ತಿಲ್ಲದ ಎರಡು ಅವಿಭಾಜ್ಯಗಳು. ಈಗ ಸಾಮಾನ್ಯವಾಗಿ ಒಂದೊಂದೂ 300ಕ್ಕಿಂತ ಜಾಸ್ತಿ ಅಂಕಿ ಇರುತ್ತದೆ. 2147483647 ಹತ್ತೇ ಅಂಕಿ, ಅದೂ ಜಗತ್ತಿಗೆಲ್ಲಾ ಗೊತ್ತು. ಅದನ್ನು ಬೀಗಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಆದರೆ ಗುಟ್ಟು ಕಾಪಾಡುವ ಇನ್ನೊಂದು ವಿಧಾನವಾದ ಎಲಿಪ್ಟಿಕ್ ಕರ್ವ್ ಪದ್ಧತಿಯಲ್ಲಿ ಅವಿಭಾಜ್ಯ ಗುಟ್ಟಾಗಿರಬೇಕಿಲ್ಲ. ಅಲ್ಲಿ ಪಿ-521 ಅನ್ನುವ ಒಂದು ಮಾನಕ 2⁵²¹ − 1 ಅನ್ನುವ ಅವಿಭಾಜ್ಯವನ್ನೇ ಬಳಸುತ್ತದೆ. ನಮ್ಮ ಸಂಖ್ಯೆಯ ಅಣ್ಣ ಅನ್ನಿ.

ಅದನ್ನು ಆರಿಸಲು ಒಂದು ಒಳ್ಳೆಯ ಕಾರಣ ಇದೆ. 9ರಿಂದ ಭಾಗಿಸಿದ ಶೇಷ ಬೇಕಾದರೆ ಅಂಕಿಗಳನ್ನು ಕೂಡುತ್ತೇವೆ ಅಲ್ವಾ? 9 ಅಂದರೆ 10 − 1, ಅದಕ್ಕೇ ಆ ಉಪಾಯ ನಡೆಯುತ್ತದೆ. 2ರ ಘಾತಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಗೂ ಹಾಗೇ ಮಾಡಬಹುದು. 1000ವನ್ನು 31ರಿಂದ ಭಾಗಿಸಿದ ಶೇಷ ಬೇಕು ಅಂತ ಇಟ್ಟುಕೊಳ್ಳಿ. 1000 ಅಂದರೆ 31 ಮೂವತ್ತೆರಡುಗಳು ಮತ್ತು 8. ಕೂಡಿ, 39. ಅದು 1 ಮೂವತ್ತೆರಡು ಮತ್ತು 7. ಕೂಡಿ, 8. ಶೇಷ 8. ಕಂಪ್ಯೂಟರ್‌ಗೆ ಮೂವತ್ತೆರಡರ ಗುಂಪು ಮಾಡುವುದು ಅಂದರೆ ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವುದು ಅಷ್ಟೇ. ಭಾಗಾಕಾರವೇ ಬೇಡ.

ಸಂಖ್ಯಾಪ್ರಿಯೆ
ನಿಮ್ಮ ಸಂಖ್ಯೆಗೇ ಮೀಸಲಾದ ಒಂದು ಉಪಯೋಗವನ್ನು ಹೇಳುತ್ತೇನೆ ಮೇಡಂ. ಸಂಕೋಚ ಬೇಡ, ಎಲ್ಲರಿಗೂ ಬರುವ ಪ್ರಶ್ನೆಯೇ ಅದು.

ಮೇಷ್ಟ್ರು ಹೇಳಿದ ಬಸ್ಸನ್ನೇ ತಗೊಳ್ಳಿ. ಈ ಸಲ ಭಾಗಿಸುವುದು 2147483647ರಿಂದಲೇ. 2ರಿಂದ ಗುಣಿಸುತ್ತಾ ಹೋದರೆ 31 ಹೆಜ್ಜೆಗೆ ವಾಪಸ್. 7ರಿಂದ ಗುಣಿಸುತ್ತಾ ಹೋದರೆ? 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯ ಮನೆಗೂ ಒಂದೊಂದು ಸಲ ಹೋಗಿ, ಆಮೇಲೆಯೇ 1ಕ್ಕೆ ಬರುತ್ತದೆ. ಒಂದೂ ಬಿಡುವುದಿಲ್ಲ, ಒಂದಕ್ಕೂ ಎರಡು ಸಲ ಹೋಗುವುದಿಲ್ಲ. ಅವಿಭಾಜ್ಯ ಅಲ್ಲದಿದ್ದರೆ ಇಂಥ ಪೂರ್ತಿ ಸುತ್ತು ಸಿಗುತ್ತಲೇ ಇರಲಿಲ್ಲ.

7ರ ಬದಲು 7⁵, ಅಂದರೆ 16807 ಹಾಕಿದರೂ ಇದೇ ನಡೆಯುತ್ತದೆ. 2147483646ನ್ನು ಬಿಡಿಸಿದರೆ 2 × 3 × 3 × 7 × 11 × 31 × 151 × 331. ಅದರಲ್ಲಿ 5 ಇಲ್ಲ, ಅದಕ್ಕೆ ಐದನೇ ಘಾತ ಹಾಕಿದರೂ ಸುತ್ತು ಕೆಡುವುದಿಲ್ಲ. 1ರಿಂದ ಶುರು ಮಾಡಿದರೆ 16807, ಆಮೇಲೆ 282475249, ಆಮೇಲೆ 1622650073. ನೋಡುವವರಿಗೆ ಯಾವ ಕ್ರಮವೂ ಕಾಣದು. ಕಂಪ್ಯೂಟರ್ ಆಟಗಳಿಗೆ, ಪ್ರಯೋಗಗಳಿಗೆ ಬೇಕಾಗುವ ರ‍್ಯಾಂಡಮ್ ಸಂಖ್ಯೆಗಳನ್ನು ಹೀಗೆ ಹುಟ್ಟಿಸುತ್ತಿದ್ದರು. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನು ಕನಿಷ್ಠ ಮಾನಕ ಅಂತ ಸೂಚಿಸಿದರು. ಸಿ++ ನಲ್ಲಿ ಈಗಲೂ ಇದೆ. ಗುಟ್ಟು ಕಾಪಾಡಲು ಮಾತ್ರ ಇದನ್ನು ಬಳಸಬಾರದು, ಒಂದು ಸಂಖ್ಯೆ ಸಿಕ್ಕರೆ ಮುಂದಿನವನ್ನೆಲ್ಲಾ ಲೆಕ್ಕ ಹಾಕಬಹುದು.

ಮಗಳಿಗೆ ಒಂದು ಸಣ್ಣ ಕೆಲಸ. ಆ ಅಪವರ್ತನಗಳಲ್ಲಿ 7, 31, 151 ಮೇಲೆ ಎಲ್ಲೋ ನೋಡಿದ ಹಾಗಿದೆಯಾ ಅಂತ ಹುಡುಕಲಿ.

ಮೈಸೂರು ಅಮ್ಮ
ಸಿಕ್ಕಿತು! 16 ಬಿಟ್‌ನ 32767. ಆದರೆ ಅದು ಇಲ್ಲಿಗೆ ಹೇಗೆ ಬಂತು?

ಹಳೇ ಮೇಷ್ಟ್ರು
2147483646 ಅಂದರೆ 2³¹ − 2. ಒಂದು 2ನ್ನು ಹೊರಗೆ ತೆಗೆದರೆ ಉಳಿಯುವುದು 2³⁰ − 1. ಒಂಬತ್ತನೇ ಕ್ಲಾಸಿನ ಸೂತ್ರ ನೆನಪಿಸಿಕೊಳ್ಳಲಿ, ಎರಡು ವರ್ಗಗಳ ವ್ಯತ್ಯಾಸ. ಅದು (2¹⁵ − 1) × (2¹⁵ + 1). ಮೊದಲನೆಯದು 32767. ಎರಡನೆಯದು 32769, ಅದು 9 × 11 × 331. ನಲವತ್ತು ವರ್ಷ ಆ ಸೂತ್ರ ಕಲಿಸಿದ್ದೇನೆ. ಈ ಉದಾಹರಣೆ ಆಗ ಗೊತ್ತಿದ್ದರೆ ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತಿದ್ದೆ.

ಉಪಯೋಗದ ಮಾತು ಬಂತಲ್ಲ, ಒಂದು ಹಳೆಯ ಸಂಗತಿ ಇದೆ. 6ನ್ನೇ ಬಿಟ್ಟರೆ ಅದರ ಭಾಜಕಗಳು 1, 2, 3. ಕೂಡಿದರೆ 6. ಇಂಥವನ್ನು ಪರಿಪೂರ್ಣ ಸಂಖ್ಯೆ ಅನ್ನುತ್ತೇವೆ. 28, 496 ಸಹ ಹಾಗೇ. 2³¹ − 1 ಅವಿಭಾಜ್ಯ ಆದದ್ದರಿಂದ ಅದನ್ನು 2³⁰ ರಿಂದ ಗುಣಿಸಿದರೆ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ, 2305843008139952128. ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಇದರ ಬಗ್ಗೆ ಬರೆದ. ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯುವುದಿಲ್ಲ, ಬರೀ ಕುತೂಹಲದ ವಸ್ತು, ಉಪಯೋಗ ಇಲ್ಲದ್ದಕ್ಕೆ ಯಾರು ಕಷ್ಟಪಡುತ್ತಾರೆ ಅನ್ನುವುದು ಅವನ ಮಾತಿನ ಸಾರ. 1876ರಲ್ಲಿ ಫ್ರಾನ್ಸಿನ ಲೂಕಾ 39 ಅಂಕಿಯ 2¹²⁷ − 1 ಅವಿಭಾಜ್ಯ ಅಂತ ತೋರಿಸಿದ, ಕೈಲೆಕ್ಕದಲ್ಲೇ!

ಹುಬ್ಬಳ್ಳಿ ಹುಡುಗ
39 ಅಂಕಿಗೆ 248ರ ಜರಡಿ ಥರದ್ದು ಸಾಲುವುದಿಲ್ಲ ಅಲ್ವಾ? ವರ್ಗಮೂಲವೇ 20 ಅಂಕಿ.

ಸಂಖ್ಯಾಪ್ರಿಯೆ
ಸಾಲುವುದಿಲ್ಲ. ಲೂಕಾ ಭಾಗಿಸುವ ದಾರಿಯನ್ನೇ ಬಿಟ್ಟ. ಆಮೇಲೆ ಲೆಹ್ಮರ್ ಅದನ್ನು ಸರಳ ಮಾಡಿದ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 127ಕ್ಕೆ ಘಾತ 7, ಐದು ಸಲ. 4, 14, 67, 42, 111, 0. ಬಂತು ಸೊನ್ನೆ! 2147483647ಕ್ಕೆ 29 ಸಲ ಮಾಡಿದರೆ ಸಾಕು, ಆದರೆ ಪ್ರತಿ ಸಲ ಹತ್ತು ಅಂಕಿಯ ವರ್ಗ. ಕೈಯಲ್ಲಿ ಮಾಡುವವರಿಗೆ ಆಯ್ಲರ್‌ನ ದಾರಿಯೇ ಹಿತ ಅಂತ ನನಗೆ ಅನಿಸುತ್ತದೆ.

ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವೂ ಇದೇ ಮನೆತನದ್ದು. 2ರ ಘಾತ 136279841, ಅದರಿಂದ 1 ಕಳೆದದ್ದು. 2024ರ ಅಕ್ಟೋಬರ್‌ನಲ್ಲಿ ಸಿಕ್ಕಿತು. 4,10,24,320 ಅಂಕಿಗಳು. ಅದನ್ನು ಖಚಿತ ಮಾಡಲೂ ಇದೇ ನಾಲ್ಕರಿಂದ ಶುರುವಾಗುವ ಲೆಕ್ಕವನ್ನು ಮಾಡಿದರು.

ಕೋಡ್ ಬರೆಯುವವ
ಒಂದು ವಿಷಯ ಬಿಟ್ಟುಹೋಗಿತ್ತು. 31 ತಾನೇ 2⁵ − 1 ಅಲ್ವಾ. ಹಾಗಾಗಿ ನಮ್ಮ ಸಂಖ್ಯೆ ಎರಡು ಅಂತಸ್ತಿನದ್ದು. ಮೂರನೇ ಅಂತಸ್ತು ಕಟ್ಟಿದರೆ ಏನಾಗುತ್ತದೆ? 2ರ ಘಾತ 2147483647, ಅದರಿಂದ 1 ಕಳೆದರೆ? ಅವಿಭಾಜ್ಯ ಅಲ್ಲ. 295257526626031 ಅದನ್ನು ಭಾಗಿಸುತ್ತದೆ. ಮೇಷ್ಟ್ರು ಹೇಳಿದ ಮಗ್ಗಿಯ ನಿಯಮ ಇಲ್ಲೂ ತಪ್ಪುವುದಿಲ್ಲ. ಆ ಭಾಜಕದಿಂದ 1 ಕಳೆದರೆ ಅದು 2147483647ರ 137490 ಪಟ್ಟು.

ಇನ್ನೊಂದು, ಮಗಳು ಕೋಡ್ ಬರೆಯುತ್ತಾಳೆ ಅಂದಿರಿ, ಅದಕ್ಕೆ ಹೇಳುತ್ತಿದ್ದೇನೆ. ಹಳೆಯ ವ್ಯವಸ್ಥೆಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿ 32 ಬಿಟ್‌ನಲ್ಲಿ ಇಡುತ್ತವೆ. 2147483647ನೇ ಸೆಕೆಂಡ್ ಬರುವುದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಅವಳು ನೋಡಿದ ಅದೇ ಮೈನಸ್. ಅಂಥ ಯಂತ್ರ 1901ಕ್ಕೆ ಹೋಗಿಬಿಡುತ್ತದೆ. ಅಷ್ಟರೊಳಗೆ ಎಲ್ಲವನ್ನೂ 64 ಬಿಟ್‌ಗೆ ಬದಲಾಯಿಸಬೇಕು. ಆ ಕೆಲಸ ಮಾಡುವವರಲ್ಲಿ ಅವಳೂ ಇರಬಹುದು.

ಮೈಸೂರು ಅಮ್ಮ
ಇವತ್ತಿನ ವರದಿ. ಕ್ಯಾಲ್ಕುಲೇಟರ್ ಮುಟ್ಟದೆ ಮಾಡುತ್ತೇನೆ ಅಂತ ಹಠ ಹಿಡಿದಿದ್ದಾಳೆ. 311ರಿಂದ ಭಾಗಿಸಿದಳು, ಭಾಗಲಬ್ಧ 6905092, ಶೇಷ 35. 1303ರಿಂದ ಭಾಗಿಸಿದರೆ ಶೇಷ 226. 1489ರಿಂದ ಶೇಷ 199. ಆಮೇಲೆ ಪಟ್ಟಿಯಲ್ಲಿ 2047 ಬಂತು! ಮೇಷ್ಟ್ರು ಹೇಳಿದ ಅದೇ 23 × 89, ಬಿಟ್ಟುಬಿಡಬಹುದು ಅಂತ ಕುಣಿದಳು. ಮುಂದಿನದು 2543. ಅದನ್ನು ನಾನು ಮಾಡುತ್ತಿದ್ದೇನೆ, ಅವಳು ಪಕ್ಕದಲ್ಲಿ ಕೂತು ತಿದ್ದುತ್ತಿದ್ದಾಳೆ.

ಹುಬ್ಬಳ್ಳಿ ಹುಡುಗ
ಅಕ್ಕಾ, ನಾನು ಕೊನೆಯಿಂದ ಶುರು ಮಾಡಲೇ? 46191 ಮೂರರಿಂದ ಭಾಗವಾಗುತ್ತದೆ, ಅದು ಹೋಯಿತು. 46129 ಹಿಡಿದುಕೊಂಡು ಕೂತಿದ್ದೇನೆ. ಎಲ್ಲಿಗೆ ಬಂದೆ ಅಂತ ರಾತ್ರಿ ಇಲ್ಲೇ ಬರೆಯುತ್ತೇನೆ.